ಜಯಲಕ್ಷ್ಮಿ ವಿಲಾಸಕ್ಕೆ ಬೇಕಿರೋದು ಇನ್ನೊಂದು ಉದ್ಘಾಟನೆ ಅಲ್ಲ

1/8

ಈ ಫೋಟೋಗೆ ನೀವು ಆಗ್ಲೇ ಹಾರ್ಟ್ ಒತ್ತಿರ್ತೀರಿ. ಒತ್ತದೆ ಇರೋದು ಕಷ್ಟ ಬಿಡಿ. ಜೋಡಿ ಜೋಡಿ ಕೊರಿಂಥಿಯನ್ ಕಂಬ, ಅದರ ಮೇಲೆ ತ್ರಿಕೋನದ ಶಿರೋಭಾಗ, ಮೊಟ್ಟೆ ಆಕಾರದ ಗಾಳಿಗಂಡಿ, ಮೇಲೆ ಸಂಜೆಬಿಸಿಲು. ಮೈಸೂರಿನ ಮಾನಸಗಂಗೋತ್ರಿಯ ದಿಬ್ಬದ ಮೇಲಿರೋ ಜಯಲಕ್ಷ್ಮಿ ವಿಲಾಸ.

ಇದೇ ಆಪ್‌ನಲ್ಲಿ ಈ ಹೆಸರು ಹಾಕಿ ಹುಡುಕಿ. ಮೂರು ಥರದ ಪೋಸ್ಟ್ ಸಿಗ್ತವೆ. ಒಂದು, ‘ರಾಜವೈಭವ’. ಎರಡು, ‘ಇಲ್ಲಿಂದ ದೊಡ್ಡ ಅರಮನೆಗೆ ಸುರಂಗ ಇದೆಯಂತೆ’. ಮೂರು, ‘ಅಯ್ಯೋ ಹಾಳಾಗ್ತಿದೆ, ಯಾರಾದ್ರೂ ಉಳಿಸಿ ಪ್ಲೀಸ್’.

ನನ್ನ ಜಗಳ ಮೂರರ ಜೊತೆಗೂ ಇದೆ. ಮೊದಲನೆಯದು ಅರ್ಧ ಸತ್ಯ. ಎರಡನೆಯದು ಅಜ್ಜಿಕಥೆ, ಪುರಾವೆ ಯಾರೂ ತೋರಿಸಿಲ್ಲ. ಆದರೆ ಹೆಚ್ಚು ಸಿಟ್ಟು ಬರೋದು ಮೂರನೆಯದರ ಮೇಲೆ. ಯಾಕೆ ಗೊತ್ತಾ? ‘ಯಾರಾದ್ರೂ’ ಆಗಲೇ ಬಂದು ಉಳಿಸಿ ಹೋಗಿದ್ದಾರೆ. ಇದು ಮತ್ತೆ ಹಾಳಾಗಿದ್ದು ಅದಾದ ಮೇಲೆ.

ಈ ಸರಣಿಯಲ್ಲಿ ನಾನು ಹೇಳೋಕೆ ಹೊರಟಿರೋದು ಒಂದೇ ಮಾತು. ಈ ಕಟ್ಟಡಕ್ಕೆ ದಾನಿ ಬೇಕಾಗಿಲ್ಲ, ಮನೆಯವರು ಬೇಕಾಗಿದ್ದಾರೆ. ಕೋಟಿಗಿಂತ ಮುಂಚೆ ಮಾಡಿನ ಮೇಲೆ ಹತ್ತೋ ಇಬ್ಬರು ಕೆಲಸಗಾರರು ಬೇಕು, ಪ್ರತಿ ವರ್ಷ, ತಪ್ಪದೆ.

ಎಂಟು ಪೋಸ್ಟ್ ಇದೆ. ಪೂರ್ತಿ ಓದಿ ಆಮೇಲೆ ಬೈಯಿರಿ.

2/8

ಮೊದಲು ಒಂದು ತಪ್ಪು ತಿದ್ದೋಣ. ಹತ್ತಾರು ಕಡೆ ಕಾಪಿ-ಪೇಸ್ಟ್ ಆಗಿರೋ ವಾಕ್ಯ ಇದು: ‘1905ರಲ್ಲಿ ಚಾಮರಾಜ ಒಡೆಯರು ತಮ್ಮ ಹಿರಿಯ ಮಗಳಿಗಾಗಿ ಕಟ್ಟಿಸಿದ ಅರಮನೆ’.

ಸ್ವಾಮಿ, ಹತ್ತನೇ ಚಾಮರಾಜ ಒಡೆಯರು ತೀರಿಕೊಂಡಿದ್ದು 1894ರ ಡಿಸೆಂಬರ್‌ನಲ್ಲಿ, ಕಲ್ಕತ್ತೆಯಲ್ಲಿ. ಹೋಗಿ ಹನ್ನೊಂದು ವರ್ಷ ಆದ ಮೇಲೆ ಮಗಳಿಗೆ ಮನೆ ಕಟ್ಟಿಸಿದರಾ? 1905 ಅಂದರೆ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ. 1902ರವರೆಗೆ ರಾಜ್ಯಭಾರ ನಡೆಸಿದ್ದು ರೀಜೆಂಟ್ ಆಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ, ಅಂದರೆ ವಾಣಿ ವಿಲಾಸ ಸನ್ನಿಧಾನ. ಗಂಡನ್ನ ಕಳಕೊಂಡು, ಚಿಕ್ಕ ಮಗನ ಹೆಸರಲ್ಲಿ ರಾಜ್ಯ ನೋಡಿಕೊಂಡ ಹೆಂಗಸು. ಆಕೆಯ ಹಿರಿಮಗಳು ಜಯಲಕ್ಷ್ಮಮ್ಮಣ್ಣಿ.

1897ರಲ್ಲಿ ಈ ಮಗಳ ಮದುವೆ ಸರದಾರ್ ಎಂ. ಕಾಂತರಾಜ ಅರಸರ ಜೊತೆ ಆಯ್ತು. ಆ ಮದುವೆಯ ಸಂದರ್ಭದಲ್ಲೇ ಮೈಸೂರಿನ ಹಳೆಯ ಮರದ ಅರಮನೆಗೆ ಬೆಂಕಿ ಬಿದ್ದು ಸುಟ್ಟುಹೋಯ್ತು. ಈಗ ನಾವು ದಸರಾದಲ್ಲಿ ದೀಪ ನೋಡೋಕೆ ಹೋಗ್ತೀವಲ್ಲ, ಆ ಅರಮನೆ ಹೆನ್ರಿ ಇರ್ವಿನ್ ವಿನ್ಯಾಸ ಮಾಡಿದ್ದು, ಮುಗಿದಿದ್ದು 1912ರಲ್ಲಿ. ಅಂದರೆ ಊರಿನ ದೊಡ್ಡ ಅರಮನೆ ಇನ್ನೂ ಏಳ್ತಾ ಇದ್ದಾಗ ಊರಾಚೆ ದಿಬ್ಬದ ಮೇಲೆ ಈ ಮನೆ ಎದ್ದು ನಿಂತಿತ್ತು.

ಕಾಂತರಾಜ ಅರಸರು ಮುಂದೆ ವಿಶ್ವೇಶ್ವರಯ್ಯನವರ ನಂತರ ಮೈಸೂರಿನ ದಿವಾನರಾದರು. ಹಿಂದುಳಿದವರಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಬೇಕು ಅಂದ ಮಿಲ್ಲರ್ ಸಮಿತಿಯ ಕಾಲ ಅದು. ರೀಲ್ಸ್‌ಗೆ ಇದು ಬೇಡ. ರೀಲ್ಸ್‌ಗೆ ಸುರಂಗ ಬೇಕು.

ಒಂದು ತಾರೀಕು ತಾಳೆ ನೋಡೋ ವ್ಯವಧಾನ ಇಲ್ಲದವರು ಪರಂಪರೆ ಉಳಿಸಿ ಅಂತ ಹ್ಯಾಷ್‌ಟ್ಯಾಗ್ ಹಾಕ್ತೀವಿ. ‘ವಿ’ ಅಂದೆ ನೋಡಿ. ನಾನೂ ಒಂದು ಕಾಲದಲ್ಲಿ ಅದೇ ವಾಕ್ಯ ಹಂಚಿಕೊಂಡವನೇ.

3/8

ಒಳಗಿನ ಚಿತ್ರಗಳು. ನಿಧಾನಕ್ಕೆ ಸ್ವೈಪ್ ಮಾಡಿ.

ಎಲ್ಲರೂ ಹೇಳೋ ಲೆಕ್ಕ: 125 ಕೋಣೆ, 300 ಕಿಟಕಿ, 287 ಕೆತ್ತನೆಯ ಬಾಗಿಲು. ಮೂರು ಭಾಗವಾಗಿ ಹರಡಿಕೊಂಡ ಕಟ್ಟಡ. ನಟ್ಟನಡುವೆ ಕಲ್ಯಾಣ ಮಂಟಪ. ಅದರ ನೆತ್ತಿ ಮೇಲೆ ಎಂಟು ದಳದ ಗುಮ್ಮಟ, ಬಣ್ಣದ ಗಾಜಿನ ಕಿಟಕಿಗಳು. ಪೂಜೆಗೆ ಅಂತ ಭುವನೇಶ್ವರಿ ಮಂಟಪ.

ಹೊರಗಡೆಯಿಂದ ನೋಡಿದರೆ ಯುರೋಪು. ಕಂಬದ ತಲೆಯಲ್ಲಿ ಗ್ರೀಸಿನ ಎಲೆ, ಮುಖಭಾಗದಲ್ಲಿ ರೋಮಿನ ತ್ರಿಕೋನ. ಒಳಗೆ ಕಾಲಿಟ್ಟರೆ ನಮ್ಮ ತೊಟ್ಟಿಮನೆಯ ಬುದ್ಧಿ: ನಡುವೆ ಬೆಳಕು ಇಳಿಯೋ ಜಾಗ, ಸುತ್ತ ಕಂಬ, ಕಂಬದ ಮೇಲೆ ಹೊಯ್ಸಳರ ನೆನಪು ತರೋ ಕೆತ್ತನೆ. ಇದನ್ನ ‘ಮಿಶ್ರ ಶೈಲಿ’ ಅಂತ ಒಂದು ಪದದಲ್ಲಿ ಮುಗಿಸಿಬಿಡ್ತಾರೆ. ಹೊರಗಿನ ಪ್ರಪಂಚಕ್ಕೆ ಒಂದು ಮುಖ, ಒಳಗೆ ಮದುವೆ-ಮುಂಜಿ, ಹಬ್ಬ-ಹರಿದಿನ, ಹೆಂಗಸರ ಓಡಾಟಕ್ಕೆ ಇನ್ನೊಂದು ಮುಖ. ಆ ಕಾಲದ ಮೈಸೂರು ಹೇಗೆ ಬದುಕ್ತಿತ್ತು ಅನ್ನೋದು ಈ ಎರಡು ಮುಖದಲ್ಲೇ ಇದೆ.

ಈ ಕಂಬ ಕೆತ್ತಿದವರ ಹೆಸರು ಯಾವ ಫಲಕದಲ್ಲೂ ಸಿಗಲ್ಲ. ಬಾಗಿಲು 287 ಅಂತ ಎಣಿಸಿದವರಿದ್ದಾರೆ. ಆ ಬಾಗಿಲು ಹೆಗಲ ಮೇಲೆ ಹೊತ್ತು ತಂದವರನ್ನ ಎಣಿಸಿದವರಿಲ್ಲ.

ಈ ಮಾತು ನೆನಪಿಟ್ಟುಕೊಳ್ಳಿ. ಮುಂದಿನ ಪೋಸ್ಟ್‌ಗೆ ಬೇಕು.

4/8

ಈಗ ಅಸಲಿ ಕಥೆಗೆ ಬಂದೆ. ನನ್ನ ಪ್ರಕಾರ ಈ ಕಟ್ಟಡ ದೊಡ್ಡದಾಗಿದ್ದು 1905ರಲ್ಲಲ್ಲ. 1959ರಲ್ಲಿ, ಮತ್ತೆ 1968ರಲ್ಲಿ.

ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ್ದು 1916ರಲ್ಲಿ. ನಲವತ್ತು ವರ್ಷದ ನಂತರ ಕುವೆಂಪು ಅದರ ಕುಲಪತಿ ಆದರು. ಮಹಾರಾಜಾ ಕಾಲೇಜಿನ ಸುತ್ತಮುತ್ತಲ ಜಾಗ ಸ್ನಾತಕೋತ್ತರ ಓದಿಗೆ ಸಾಲದಾಗಿತ್ತು. ಕುಕ್ಕರಹಳ್ಳಿ ಕೆರೆಯ ಆಚೆಗಿನ ಬಯಲಿನಲ್ಲಿ ಹೊಸ ಆವರಣದ ಕನಸು ಕಂಡು, ಅದಕ್ಕೆ ‘ಮಾನಸಗಂಗೋತ್ರಿ’ ಅಂತ ಹೆಸರಿಟ್ಟವರು ಅವರೇ. ರಾಜಕುಮಾರಿಯ ಈ ಮನೆ 1959ರಲ್ಲಿ ವಿಶ್ವವಿದ್ಯಾನಿಲಯದ ಕೈಗೆ ಬಂತು.

ಒಂದು ಸಲ ಕಣ್ಣುಮುಚ್ಚಿ ಯೋಚನೆ ಮಾಡಿ. ಮಲೆನಾಡಿನ ಕುಪ್ಪಳಿಯ ಒಕ್ಕಲು ಮನೆತನದ ಹುಡುಗ. ಕುಲಪತಿಯಾಗಿ ಅರಮನೆ ಕೊಳ್ತಾನೆ. ತಾನು ವಾಸ ಮಾಡೋಕಲ್ಲ, ಮಕ್ಕಳು ಓದೋಕೆ.

ಆಮೇಲೆ 1968ರಲ್ಲಿ ಜಾನಪದ ವಸ್ತುಸಂಗ್ರಹಾಲಯ ಶುರುವಾಯ್ತು. ದೇ. ಜವರೇಗೌಡರು, ಜೀ.ಶಂ. ಪರಮಶಿವಯ್ಯನವರು, ಕಲಾವಿದ ಪಿ.ಆರ್. ತಿಪ್ಪೇಸ್ವಾಮಿಯವರು. ಹಳ್ಳಿಹಳ್ಳಿಯಿಂದ ವಸ್ತು ಬಂತು. ನೇಗಿಲು, ಕೂರಿಗೆ, ಬುಟ್ಟಿ, ಬೀಸೋ ಕಲ್ಲು. ತೊಗಲುಗೊಂಬೆ. ಸೋಮನ ಮುಖ. ಜಾತ್ರೆಯಲ್ಲಿ ಕುಣಿಯೋ ಆಳೆತ್ತರದ ಗೊಂಬೆ. ಆಟದ ಕಿರೀಟ, ಭುಜಕೀರ್ತಿ. ಹೀಗೆ ಆರು ಸಾವಿರದ ಐನೂರಕ್ಕೂ ಹೆಚ್ಚು ವಸ್ತು ಸೇರಿತು. ಜೊತೆಗೆ ಕನ್ನಡದ ಸಾಹಿತಿಗಳು ಬಳಸಿದ ವಸ್ತುಗಳ ಒಂದು ವಿಭಾಗ.

ಹಿಂದಿನ ಪೋಸ್ಟ್‌ನಲ್ಲಿ ಹೇಳಿದೆನಲ್ಲ, ಬಾಗಿಲು ಹೊತ್ತವರ ಲೆಕ್ಕ ಇಲ್ಲ ಅಂತ. ಅವರ ಮನೆಯ ಕೂರಿಗೆ, ಅವರ ಮನೆಯ ಒನಕೆ, ಅವರ ಊರಿನ ದೇವರು, ಎಲ್ಲ ಬಂದು ರಾಜಕುಮಾರಿಯ ಮನೆಯೊಳಗೆ ಕೂತವು. ಹಿಂದೊಮ್ಮೆ ಹಿತ್ತಲ ಬಾಗಿಲಲ್ಲಿ ನಿಲ್ಲಬೇಕಾಗಿದ್ದ ಬದುಕು ನಡುಮನೆಗೆ ಬಂತು.

ಇಷ್ಟು ದೊಡ್ಡ ಕೆಲಸ ನಮ್ಮವರೇ ಮಾಡಿದ್ದು. ಅದನ್ನ ಅಳಿಸಿ ಬರೀ ‘ರಾಜವೈಭವ’ ಅಂತ ಬರೆಯೋರಿಗೆ ಏನು ಹೇಳಲಿ?

5/8

ಇದು ಚಂದದ ಫೋಟೋ ಅಲ್ಲ. ನೀರಿನ ಕಲೆಯ ಫೋಟೋ. ಬೇಕಂತಲೇ ಹಾಕಿದ್ದೀನಿ.

ಹಳೇ ಕಟ್ಟಡ ವಯಸ್ಸಾಗಿ ಬೀಳಲ್ಲ. ನೀರು ಕುಡಿದು ಬೀಳುತ್ತೆ. ಇಟ್ಟಿಗೆ, ಸುಣ್ಣದ ಗಾರೆ, ಮರ. ಈ ಮೂರರಿಂದ ಎದ್ದ ಕಟ್ಟಡಗಳಿಗೆ ಉಸಿರಾಟ ಇರುತ್ತೆ. ಸುಣ್ಣದ ಗಾರೆ ತೇವ ಹೀರುತ್ತೆ, ಬಿಸಿಲಿಗೆ ಬಿಟ್ಟುಕೊಡುತ್ತೆ. ಹಾಗೆ ನೂರಾರು ವರ್ಷ ಬಾಳುತ್ತೆ, ಒಂದು ಷರತ್ತಿನ ಮೇಲೆ: ಮಾಡಿನ ನೀರು ನಿಲ್ಲದೆ ಹರಿದು ಹೋಗಬೇಕು.

ಒಂದು ಮಳೆನೀರಿನ ಕೊಳವೆಯಲ್ಲಿ ಒಣ ಎಲೆ ಸಿಕ್ಕಿಕೊಂಡಿತು ಅನ್ಕೊಳ್ಳಿ. ನೀರು ನಿಂತಿತು. ಗಾರೆ ಸಂದಿಯಿಂದ ಇಳಿಯಿತು. ಮರದ ತೊಲೆಯ ತುದಿ ಗೋಡೆಯೊಳಗೆ ಹುದುಗಿರುತ್ತೆ, ಅದು ಯಾರ ಕಣ್ಣಿಗೂ ಕಾಣಲ್ಲ. ಕೊಳೆಯೋಕೆ ಶುರುವಾಗೋದು ಅಲ್ಲಿಂದಲೇ. ಹಸಿ ಮರಕ್ಕೆ ಗೆದ್ದಲು ಬರುತ್ತೆ. ಬಿರುಕಿನಲ್ಲಿ ಹಕ್ಕಿ ಹಾಕಿದ ಅರಳಿ ಬೀಜ ಮೊಳೆಯುತ್ತೆ. ನಾವು ಕೆಳಗೆ ನಿಂತು ನೋಡೋವಾಗ ಗೋಡೆ ಮೇಲೆ ಒಂದು ಕಲೆ, ಅಷ್ಟೇ. ತೊಲೆ ಮುರಿದ ದಿನ ಎಲ್ಲರಿಗೂ ‘ಏಕಾಏಕಿ ಕುಸಿತ’ ಅನ್ನಿಸುತ್ತೆ. ಏಕಾಏಕಿ ಏನೂ ಇಲ್ಲ ಅದರಲ್ಲಿ. ವರ್ಷಗಟ್ಟಲೆ ಬೀಳ್ತಾನೇ ಇತ್ತು.

ಇನ್ನು ಕಲೆ ಕಂಡ ತಕ್ಷಣ ಸಿಮೆಂಟ್ ಮೆತ್ತೋದು. ಇದಂತೂ ಇನ್ನೂ ಅಪಾಯ. ಸಿಮೆಂಟ್ ಹೊರಗೆ ಗಟ್ಟಿ ಪದರ ಕಟ್ಟುತ್ತೆ, ಒಳಗಿನ ತೇವ ಆಚೆ ಬರೋಕೆ ದಾರಿ ಇರಲ್ಲ. ಮೇಲೆ ಪೌಡರ್ ಹಚ್ಚಿದ ಹಾಗೆ ಕಾಣುತ್ತೆ, ಒಳಗೆ ಹುಣ್ಣು ಬೆಳೀತಿರುತ್ತೆ.

ಮೈಸೂರಿನ ಮಳೆ ಲೆಕ್ಕ ಬೇರೆ ನೆನಪಿರಲಿ. ಕರಾವಳಿ ಥರ ಜೂನ್-ಜುಲೈ ಅಲ್ಲ ನಮ್ಮದು. ಜೋರು ಮಳೆ ಮೇ ತಿಂಗಳಲ್ಲಿ ಒಂದು ಸಲ, ಅಕ್ಟೋಬರ್ ಹೊತ್ತಿಗೆ ಇನ್ನೊಂದು ಸಲ. ವರ್ಷಕ್ಕೆ ಎರಡು ಪರೀಕ್ಷೆ, ಎರಡರ ತಾರೀಕೂ ಮೊದಲೇ ಗೊತ್ತು.

ಆದರೂ ಫೇಲ್ ಆಗ್ತೀವಿ. 2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ಕು ಜನ ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. 2022ರ ಅಕ್ಟೋಬರ್‌ನಲ್ಲಿ ಮಹಾರಾಣಿ ವಿಜ್ಞಾನ ಕಾಲೇಜಿನ ಹಳೇ ಕಟ್ಟಡದ ಪ್ರಯೋಗಾಲಯದ ಭಾಗ ಬಿತ್ತು. ಅಲ್ಲಿ ಹೆಣ್ಣುಮಕ್ಕಳು ದಿನವೂ ಪಾಠ ಕಲೀತಿದ್ದರು. ಜೀವ ಹೋಗಲಿಲ್ಲ ಅನ್ನೋದು ಪುಣ್ಯ. ಪುಣ್ಯದ ಮೇಲೆ ಎಷ್ಟು ದಿನ ಕಟ್ಟಡ ನಿಲ್ಲಿಸ್ತೀರಿ?

6/8

‘ದುಡ್ಡಿಲ್ಲ ಸಾರ್’ ಅನ್ನೋ ಮಾತಿಗೆ ಬರೋಣ.

ಈ ಶತಮಾನದ ಮೊದಲ ದಶಕದಲ್ಲಿ ಇನ್ಫೋಸಿಸ್ ಪ್ರತಿಷ್ಠಾನ 1.17 ಕೋಟಿ ರೂಪಾಯಿ ಕೊಟ್ಟು ಜಯಲಕ್ಷ್ಮಿ ವಿಲಾಸದ ನವೀಕರಣ ಮಾಡಿಸಿತು. ಒಳ್ಳೇ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಕಟ್ಟಡ ಮತ್ತೆ ಮದುವಣಗಿತ್ತಿ ಥರ ನಿಂತಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಅದಾದ ಮೇಲೆ? ಮಾಡು ಸೋರಿತು. ಗಾರೆ ಉದುರಿತು. ಕೆಲವು ಭಾಗಕ್ಕೆ ಹೋಗೋದೇ ಅಪಾಯ ಅನ್ನೋ ಸ್ಥಿತಿ ಬಂತು. ಪತ್ರಿಕೆಗಳು ಬರೆದವು, ಫೋಟೋ ಹಾಕಿದವು. ಈಗ ಮತ್ತೆ ನೆರವು ಬಂದಿದೆ. ಈ ಸಲ ಅಮೆರಿಕದ ರಾಯಭಾರಿಗಳ ಸಾಂಸ್ಕೃತಿಕ ಸಂರಕ್ಷಣಾ ನಿಧಿಯಿಂದ, ಪಶ್ಚಿಮ ಭಾಗದ ದುರಸ್ತಿಗೆ.

ಬರಲಿ, ಬೇಡ ಅನ್ನಲ್ಲ. ಆದರೆ ಒಂದು ಪ್ರಶ್ನೆ ಕೇಳ್ತೀನಿ. ಕರ್ನಾಟಕದ ರೈತನ ಕೂರಿಗೆ ನೆನೀದೆ ಇರಲಿ ಅಂತ ಮಾಡು ರಿಪೇರಿ ಮಾಡಿಸೋಕೆ ಸಾಗರದಾಚೆಯಿಂದ ದುಡ್ಡು ಬರಬೇಕಾಯ್ತಲ್ಲ, ನಮಗೆ ಸ್ವಲ್ಪನಾದರೂ ಮುಜುಗರ ಆಯ್ತಾ?

ನನ್ನ ಕೋಪ ಕೊಟ್ಟವರ ಮೇಲಲ್ಲ. ನಮ್ಮ ವ್ಯವಸ್ಥೆಯ ಒಂದು ಅಭ್ಯಾಸದ ಮೇಲೆ. ನವೀಕರಣ ಅಂದರೆ ಟೆಂಡರ್ ಇರುತ್ತೆ, ಶಂಕುಸ್ಥಾಪನೆ ಇರುತ್ತೆ, ಟೇಪು, ಕತ್ತರಿ, ಹಾರ, ಫಲಕ ಇರುತ್ತೆ. ಕೊಳವೆಯಿಂದ ಎಲೆ ತೆಗೆಯೋದಕ್ಕೆ ಫಲಕ ಹಾಕೋಕೆ ಬರಲ್ಲ. ಹಾಗಾಗಿ ಅದನ್ನ ಯಾರೂ ಮಾಡಲ್ಲ. ಎರಡು ಆಳಿನ ಎರಡು ದಿನದ ಕೂಲಿ ಉಳಿಸಿ, ಹದಿನೈದು ವರ್ಷಕ್ಕೊಮ್ಮೆ ಕೋಟಿ ಹುಡುಕ್ಕೊಂಡು ಹೋಗ್ತೀವಿ.

ನಮ್ಮ ಅಜ್ಜಿಯರು ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸಿ, ಒಡೆದದ್ದು ಬದಲಾಯಿಸಿ ಸುಮ್ಮನೆ ಒಳಗೆ ಬರ್ತಿದ್ದರು. ಅದಕ್ಕೆ ‘ಸಂರಕ್ಷಣೆ’ ಅಂತ ಹೆಸರಿದೆ ಅಂತ ಅವರಿಗೆ ಗೊತ್ತಿರಲಿಲ್ಲ.

7/8

ಇನ್ನು ನಿಮ್ಮ ಆಕ್ಷೇಪಣೆ. ಹೋದ ಸಲ ಇದೇ ವಿಷಯ ಬರೆದಾಗ ಬಂದ ಕಾಮೆಂಟ್‌ಗಳಿಗೆ ಉತ್ತರ.

‘ಪಿಂಚಣಿ ಕೊಡೋಕೇ ವಿಶ್ವವಿದ್ಯಾನಿಲಯಗಳು ಒದ್ದಾಡ್ತಿವೆ, ನಿಮಗೆ ಅರಮನೆ ಚಿಂತೆ.’ ನಿಜ, ರಾಜ್ಯದ ಹಳೇ ವಿಶ್ವವಿದ್ಯಾನಿಲಯಗಳ ಕೈ ಬರಿದಾಗಿದೆ, ಬೋಧಕರ ಹುದ್ದೆಗಳು ಖಾಲಿ ಬಿದ್ದಿವೆ. ಅದು ಸರ್ಕಾರ ಉತ್ತರ ಕೊಡಬೇಕಾದ ಬೇರೆ ದೊಡ್ಡ ಜಗಳ. ಆದರೆ ದುಡ್ಡಿಲ್ಲದವನು ತಾನೇ ಮೊದಲು ಸೋರೋ ಜಾಗಕ್ಕೆ ಹೆಂಚು ಹಾಕಬೇಕು? ಚಿಕ್ಕ ಖರ್ಚು ತಪ್ಪಿಸಿ ದೊಡ್ಡ ಖರ್ಚು ತರಿಸಿಕೊಳ್ಳೋದು ಬಡವನ ಲೆಕ್ಕ ಅಲ್ಲ, ಬೇಜವಾಬ್ದಾರಿಯ ಲೆಕ್ಕ.

‘ಹೋಟೆಲಿಗೆ ಕೊಟ್ಟುಬಿಡಿ, ಲಲಿತಮಹಲ್ ಥರ.’ ಲಲಿತಮಹಲ್ ಕಟ್ಟಿದ್ದೇ ಅತಿಥಿಗಳಿಗಾಗಿ. ಜಯಲಕ್ಷ್ಮಿ ವಿಲಾಸ ವಿಶ್ವವಿದ್ಯಾನಿಲಯದ ಆವರಣದಲ್ಲಿ, ವಿದ್ಯಾರ್ಥಿಗಳಿಗಾಗಿ ಕೊಂಡದ್ದು. ಹಳ್ಳಿಯಿಂದ ಬಂದ ಹುಡುಗಿ ತನ್ನ ಊರಿನ ಗೊಂಬೆ ನೋಡೋಕೆ ರೂಮ್ ಬುಕ್ ಮಾಡಬೇಕಾ?

‘ರಾಜರ ದರ್ಬಾರಿನ ನೆನಪು ಯಾಕೆ ಉಳಿಸಬೇಕು? ಬಿದ್ದರೆ ಬೀಳಲಿ.’ ಈ ಮಾತಿಗೆ ನನಗೆ ಗೌರವ ಇದೆ, ಸಿಟ್ಟಿನಲ್ಲಿ ನ್ಯಾಯ ಇದೆ. ಆದರೆ ನಾಲ್ಕನೇ ಪೋಸ್ಟ್ ಇನ್ನೊಂದು ಸಲ ಓದಿ. ಇವತ್ತು ಆ ಮಾಡು ಕುಸಿದರೆ ಕೆಳಗೆ ಸಿಕ್ಕಿಕೊಳ್ಳೋದು ಕಿರೀಟ ಅಲ್ಲ. ಕಿರೀಟ ದೊಡ್ಡ ಅರಮನೆಯಲ್ಲಿ ಭದ್ರವಾಗಿದೆ. ಇಲ್ಲಿ ಇರೋದು ನಿಮ್ಮಜ್ಜನ ನೇಗಿಲು.

‘ಹಳೇ ಕಟ್ಟಡ ಬಳಸೋಕೆ ಆಗಲ್ಲ.’ ಯಾಕಾಗಲ್ಲ? ಇದೇ ಊರಲ್ಲಿ ಜಯಲಕ್ಷ್ಮಮ್ಮಣ್ಣಿಯ ತಂಗಿ ಚೆಲುವಾಜಮ್ಮಣ್ಣಿಗಾಗಿ ಕಟ್ಟಿದ ಚೆಲುವಾಂಬ ವಿಲಾಸ ಇದೆ. 1950ರಿಂದ ಅಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ನಡೀತಿದೆ. ಕೇಂದ್ರದ ಸಂಸ್ಥೆ, ಅನುದಾನ ಜಾಸ್ತಿ, ಒಪ್ಪಿದೆ. ಆದರೆ ಅಲ್ಲಿ ದಿನಾ ಜನ ಕೂತು ಕೆಲಸ ಮಾಡ್ತಾರೆ. ಕೂತವರ ತಲೆ ಮೇಲೆ ಒಂದು ಹನಿ ಬಿದ್ದರೆ ಅವತ್ತೇ ದೂರು ಹೋಗುತ್ತೆ. ಬೀಗ ಹಾಕಿದ ಕೋಣೆಯಲ್ಲಿ ಹನಿ ಬಿದ್ದರೆ ಕೇಳೋರು ಯಾರು? ಅಕ್ಕನ ಮನೆಗೂ ತಂಗಿ ಮನೆಗೂ ಇರೋ ವ್ಯತ್ಯಾಸ ಇದೇ.

8/8

ಹಾಗಾದ್ರೆ ಏನು ಮಾಡಬೇಕು? ಬರೀ ಬೈದು ಹೋಗೋನಲ್ಲ ನಾನು.

ಒಂದು. ಬಜೆಟ್‌ನಲ್ಲಿ ಈ ಕಟ್ಟಡದ ನಿತ್ಯ ನಿರ್ವಹಣೆಗೆ ಅಂತಲೇ ಪ್ರತ್ಯೇಕ ಬಾಬ್ತು ಇರಲಿ. ಮೊತ್ತ ಚಿಕ್ಕದಿರಲಿ, ಪರವಾಗಿಲ್ಲ. ಆದರೆ ಬೇರೆ ಖರ್ಚಿಗೆ ತಿರುಗಿಸೋ ಹಾಗಿರಬಾರದು.

ಎರಡು. ಏಪ್ರಿಲ್ ಕೊನೆಯಲ್ಲಿ ಒಂದು ಸಲ, ಸೆಪ್ಟೆಂಬರ್ ಕೊನೆಯಲ್ಲಿ ಒಂದು ಸಲ, ಮಾಡು ಮತ್ತು ಮಳೆನೀರಿನ ಕೊಳವೆ ಶುಚಿ ಆಗಲಿ. ಆದ ಮೇಲೆ ಫೋಟೋ ತೆಗೆದು ಸಾರ್ವಜನಿಕವಾಗಿ ಹಾಕಲಿ. ಉದ್ಘಾಟನೆಯ ಫೋಟೋ ಹಾಕೋಕೆ ಬರುತ್ತಲ್ಲ, ಇದೂ ಹಾಕಲಿ.

ಮೂರು. ಸುಣ್ಣದ ಗಾರೆ ಕೆಲಸ ಬಲ್ಲವರಿಂದಲೇ ದುರಸ್ತಿ ನಡೀಲಿ, ಸಿಮೆಂಟ್ ಚೀಲ ಗೇಟಿನ ಒಳಗೆ ಬರೋದೇ ಬೇಡ. ಆ ವಿದ್ಯೆ ಗೊತ್ತಿರೋ ಕೈಗಳು ಕಮ್ಮಿ ಆಗ್ತಿವೆ. ಅವರ ಪಕ್ಕ ನಾಲ್ಕು ಹುಡುಗರನ್ನ ಕಲಿಯೋಕೆ ನಿಲ್ಲಿಸಿ. ವಿಶ್ವವಿದ್ಯಾನಿಲಯ ಅಂದ ಮೇಲೆ ಕಲಿಸೋದೇ ಅಲ್ವಾ ಕೆಲಸ?

ನಾಲ್ಕು. ಸಂಗ್ರಹದ ಪ್ರತಿಯೊಂದು ವಸ್ತುವಿನ ಫೋಟೋ, ಊರು, ಉಪಯೋಗ, ಕೊಟ್ಟವರ ವಿವರ ಡಿಜಿಟಲ್ ಆಗಿ ಎಲ್ಲರಿಗೂ ಸಿಗಲಿ. ಗೋಡೆ ಬಿದ್ದರೆ ಮತ್ತೆ ಕಟ್ಟಬಹುದು. ತೊಗಲುಗೊಂಬೆ ನೆನೆದು ಹೋದರೆ ಅದನ್ನ ಕೊಯ್ದು, ಬಣ್ಣ ಹಾಕಿದವನನ್ನ ಎಲ್ಲಿಂದ ತರ್ತೀರಿ?

ಐದು. ಭದ್ರವಾದ ಕೋಣೆಗಳಲ್ಲಿ ಪಾಠ ನಡೀಲಿ. ಜಾನಪದ, ಇತಿಹಾಸ, ಪುರಾತತ್ವ. ಮಕ್ಕಳ ಗದ್ದಲ ಇರೋ ಮನೆಗೆ ಗೆದ್ದಲು ಬೇಗ ಹತ್ತಲ್ಲ.

ಇನ್ನು ನಾವು, ಈ ಆಪ್‌ನಲ್ಲಿ ಕೂತವರು. ಸುರಂಗದ ರೀಲ್ ಕಂಡರೆ ‘ನೀನು ನೋಡಿದ್ದೀಯಾ?’ ಅಂತ ಒಂದು ಸಾಲು ಬರೀರಿ. ಅಲ್ಲಿಗೆ ಹೋದರೆ ಕಂಬಕ್ಕೆ ಒರಗಿ ನಿಮ್ಮ ಫೋಟೋ ಒಂದು ತೆಗೀರಿ, ತಲೆ ಎತ್ತಿ ಮಾಡಿನ ಫೋಟೋ ಇನ್ನೊಂದು ತೆಗೀರಿ. ತಾರೀಕು ಹಾಕಿ ಪೋಸ್ಟ್ ಮಾಡಿ. ಇದೇ ಮೂಲೆಯನ್ನ ಮುಂದಿನ ವರ್ಷ ಇನ್ನೊಬ್ಬರು ತೆಗೀಲಿ. ಕಲೆ ಬೆಳೆದಿದ್ದರೆ ಊರಿಗೇ ಗೊತ್ತಾಗುತ್ತೆ, ಆಗ ‘ಏಕಾಏಕಿ’ ಅನ್ನೋಕೆ ಯಾರಿಗೂ ಬಾಯಿ ಬರಲ್ಲ.

1959ರಲ್ಲಿ ಅರಮನೆಯನ್ನ ನಮ್ಮ ಮನೆ ಮಾಡಿಕೊಟ್ಟರು. ಗೃಹಪ್ರವೇಶ ಯಾವತ್ತೋ ಆಗಿದೆ. ಪದೇ ಪದೇ ಮಾಡೋದು ಬೇಡ. ಮನೆಯವರ ಹಾಗೆ ಇದ್ದರೆ ಸಾಕು.

ನೀವು ಮಾನಸಗಂಗೋತ್ರಿಯಲ್ಲಿ ಓದಿದವರಾಗಿದ್ದರೆ, ಆ ಮನೆಯೊಳಗೆ ನೋಡಿದ ಒಂದು ವಸ್ತುವಿನ ಹೆಸರು ಕಾಮೆಂಟ್‌ನಲ್ಲಿ ಬರೀರಿ. ಒಂದೇ ಒಂದು. ಪಟ್ಟಿ ಅಲ್ಲಿಂದಲೇ ಶುರು ಮಾಡೋಣ.

#ಜಯಲಕ್ಷ್ಮಿವಿಲಾಸ #ಮಾನಸಗಂಗೋತ್ರಿ #ಜಾನಪದವಸ್ತುಸಂಗ್ರಹಾಲಯ #ಮೈಸೂರು #ಮಾಡುನೋಡಿ